ನಾಲ್ಕೂಕಾಲಿನ ಬಸ್ಸಿಗೆ ಗಣಿತ ಬೇಡ

ಉಪದೇಶ ಮಾಡುವುದಕ್ಕೆ ವಿದ್ಯೆ ಬೇಕಾಗಿಲ್ಲ, ಒಂದು ಕಿಟಕಿ ಇದ್ದರೆ ಸಾಕು. ಇದು ನನ್ನ ಇಪ್ಪತ್ತೈದು ವರ್ಷಗಳ ಅನುಭವ. ಕಿಟಕಿಯ ಒಳಗೆ ಫ್ಯಾನಿನ ಕೆಳಗೆ ಕುಳಿತವನು ಏನು ಹೇಳಿದರೂ ಹೊರಗೆ ಬಿಸಿಲಿನಲ್ಲಿ ನಿಂತವನಿಗೆ ಅದು ವೇದವಾಕ್ಯ. ನಾನು ಜಮಖಂಡಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಗುಮಾಸ್ತ. ಅರ್ಜಿ ಕೊಡುವುದು, ಅರ್ಜಿ ತೆಗೆದುಕೊಳ್ಳುವುದು, ತೆಗೆದುಕೊಂಡದ್ದಕ್ಕೆ ಠಸ್ಸೆ ಹೊಡೆಯುವುದು, ಇಷ್ಟೇ ಸರಕಾರ ನನಗೆ ವಹಿಸಿದ ಕೆಲಸ. ಆದರೆ ಹತ್ತನೆಯ ತರಗತಿಯ ಫಲಿತಾಂಶ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ತಂದೆತಾಯಂದಿರು ಮಕ್ಕಳನ್ನು ಮುಂದಿಟ್ಟುಕೊಂಡು ನನ್ನ ಕಿಟಕಿಗೆ ಬರುತ್ತಾರೆ. ಕೇಳುವ ಪ್ರಶ್ನೆ ಒಂದೇ. "ಸೈನ್ಸ್ ಕೊಡಸಬೇಕಂತ ಮಾಡೇವ್ರಿ ಸರ. ಗಣಿತ ತಗೊಳ್ಳೋದೋ ಬಿಡೋದೋ, ನೀವ ಹೇಳ್ರಿ." ಮಗುವಿನ ಮುಂದಿನ ನಲವತ್ತು ವರ್ಷ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ. ನಾನು ಕನ್ನಡಕ ಸರಿಮಾಡಿಕೊಂಡು ಹೇಳಿಬಿಡುತ್ತೇನೆ.

ಹಾಗೆ ಹೇಳುವ ಯೋಗ್ಯತೆ ನನಗೆಲ್ಲಿಂದ ಬಂತೆಂದು ಯಾರೂ ಇದುವರೆಗೆ ಕೇಳಿಲ್ಲ. ಕೇಳದೆ ಇದ್ದದ್ದಕ್ಕೆ ಅವರಿಗೆಲ್ಲ ನಾನು ಋಣಿ. ನಾನು ಓದಿದ್ದು ಆರ್ಟ್ಸು. ಅದೂ ಕಲೆಯ ಮೇಲಿನ ಮೋಹದಿಂದಲ್ಲ. ನಾನು ಪಿಯುಸಿ ಸೇರಲು ಹೋದ ದಿನ ಸೈನ್ಸಿನ ಸಾಲು ಬಿಸಿಲಿನಲ್ಲಿತ್ತು, ಆರ್ಟ್ಸಿನ ಸಾಲು ಬೇವಿನಮರದ ನೆರಳಿನಲ್ಲಿತ್ತು. ಜೊತೆಗೆ ಬಂದಿದ್ದ ನಮ್ಮಪ್ಪ ಎರಡೂ ಸಾಲು ನೋಡಿ, "ಇಲ್ಲೆ ನಿಂದರು, ತಂಪೈತಿ" ಅಂದ. ಹಾಗೆ ನಿಂತವನು ಇತಿಹಾಸ ಓದಿದೆ. ಹತ್ತನೆಯ ತರಗತಿಯ ಗಣಿತವನ್ನು ನಾನು ಮೂರನೆಯ ಸಲಕ್ಕೆ ದಾಟಿದ್ದು. ದಾಟಿದ ದಿನ ನಮ್ಮವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಆ ಸಕ್ಕರೆ ತಿಂದವರು ಇವತ್ತಿಗೂ ಸಿಕ್ಕಾಗ ನೆನಪಿಸುತ್ತಾರೆ. ಇಂಥ ನಾನು ಊರಿನ ಮಕ್ಕಳಿಗೆ ಗಣಿತ ಬೇಕೋ ಬೇಡವೋ ಹೇಳುವವನು.

ಆದರೆ ನಾನು ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ ಎಂದು ತಿಳಿಯಬೇಡಿ. ನನಗೊಂದು ಶಾಸ್ತ್ರವಿತ್ತು. ಅದು ಬಸ್ಸಿನ ಶಾಸ್ತ್ರ. ನಮ್ಮ ಕಾಲೇಜಿನಲ್ಲಿ ಗಣಿತದ ಪಿರಿಯಡ್ಡು ದಿನದ ಕೊನೆಯದು, ನಾಲ್ಕರಿಂದ ಐದು. ಗಣಿತ ಬಿಟ್ಟವರು ಅದರ ಬದಲು ಗೃಹವಿಜ್ಞಾನ ತೆಗೆದುಕೊಳ್ಳಬೇಕು, ಅದು ಬೆಳಗಿನ ಮೊದಲ ಪಿರಿಯಡ್ಡು. ಇನ್ನು ಸಾವಳಗಿಯ ಕಡೆಗೆ ಹೋಗುವ ಬಸ್ಸು ನಮ್ಮ ನಿಲ್ದಾಣ ಬಿಡುವುದು ನಾಲ್ಕೂಕಾಲಿಗೆ. ಅದು ತಪ್ಪಿದರೆ ಮುಂದಿನ ಬಸ್ಸು ಬಂದರೆ ಬಂತು. ಮುಧೋಳದ ಕಡೆಗಾದರೋ ಕತ್ತಲಾಗುವವರೆಗೂ ಒಂದರ ಹಿಂದೊಂದು ಬಸ್ಸು. ಲೆಕ್ಕ ಸರಳ. ಕಿಟಕಿಗೆ ಬಂದವರನ್ನು ನಾನು ಕೇಳುತ್ತಿದ್ದದ್ದು ಒಂದೇ ಮಾತು, "ಯಾವ ಊರು?" ಮುಧೋಳ ದಾರಿಯಾದರೆ ಗಣಿತ, ಸಾವಳಗಿ ದಾರಿಯಾದರೆ ಗೃಹವಿಜ್ಞಾನ. ಮಗುವಿನ ಅಂಕಪಟ್ಟಿ ನೋಡುವ ತ್ರಾಸು ಇಲ್ಲ, ಏನಾಗಬೇಕೆಂದು ಕೇಳಿ ಅದರ ತಲೆ ಕೆಡಿಸುವ ಪಾಪವೂ ಇಲ್ಲ. ಹೀಗಾಗಿ ಹತ್ತಾರು ವರ್ಷಗಳಲ್ಲಿ ಮುಧೋಳದ ದಾರಿಯ ಹುಡುಗರೆಲ್ಲ ಇಂಜಿನಿಯರಾದರು, ಸಾವಳಗಿ ದಾರಿಯವರೆಲ್ಲ ನರ್ಸು, ಕಂಪೌಂಡರು ಆದರು. ಅದು ಆ ಮಣ್ಣಿನ ಗುಣ ಎಂದು ನಮ್ಮ ಭೂಗೋಳದ ಸರ್ ಒಮ್ಮೆ ಭಾಷಣದಲ್ಲಿ ಹೇಳಿದರು. ನಾನು ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಒಮ್ಮೆ ಮುಧೋಳದ ಹತ್ತಿರದ ಹಳ್ಳಿಯ ರೈತನೊಬ್ಬ ಮಗನನ್ನು ಕರೆತಂದಿದ್ದ. ಹುಡುಗನಿಗೆ ನಾಯಿಯೆಂದರೆ ಪ್ರಾಣ, ದನದ ಡಾಕ್ಟರಾಗಿ ನಮ್ಮ ಮುಧೋಳ ನಾಯಿಗಳ ಆರೈಕೆ ಮಾಡಬೇಕೆಂಬ ಆಸೆ. ನಾನು ಗಣಿತ ಬರೆ ಅಂದೆ. ಆ ರೈತ ಬಹಳ ಮರ್ಯಾದೆಯಿಂದ, "ನಾಯಿಗಿ ಗಣಿತ ಎದಕ್ರಿ ಸರ?" ಅಂದ. "ನಾಯಿಗಿ ಬ್ಯಾಡ್ರಿ ಯಜಮಾನ್ರ, ನಿಮಗ ಬಸ್ಸೈತಿ" ಅಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ಕೈಮುಗಿದು ಹೋದ. ಕಿಟಕಿಯ ಮಹಿಮೆ ಎಂದರೆ ಇದು. ಇನ್ನು ಸಾವಳಗಿ ಕಡೆಯ ಗಂಡುಹುಡುಗರು ಬೆಳಿಗ್ಗೆ ಬಂದವರೇ ಸೂಜಿಗೆ ದಾರ ಪೋಣಿಸಿ ಗುಂಡಿ ಹಚ್ಚುತ್ತಿದ್ದರು, ಉಪ್ಪಿಟ್ಟು ಮಾಡುತ್ತಿದ್ದರು. ಅವರಲ್ಲಿ ಗರಡಿಯಲ್ಲಿ ಕುಸ್ತಿ ಹಿಡಿಯುವ ಒಬ್ಬನಂತೂ ಶೀರಾ ಮಾಡುವುದರಲ್ಲಿ ಇಡೀ ತರಗತಿಗೆ ಮೊದಲಿಗ. ಮೊನ್ನೆ ಅವನ ಹೆಂಡತಿ ಬಸ್ ನಿಲ್ದಾಣದಲ್ಲಿ ಸಿಕ್ಕು ನನಗೆ ಧನ್ಯವಾದ ಹೇಳಿದಳು. ನನ್ನ ಉಪದೇಶದಿಂದ ನಿಜವಾಗಿ ಲಾಭವಾದದ್ದು ಅವಳೊಬ್ಬಳಿಗೆ ಎಂದು ಕಾಣುತ್ತದೆ.

ಇಷ್ಟೆಲ್ಲ ಗಟ್ಟಿಯಾದ ಶಾಸ್ತ್ರ ನನ್ನ ಮನೆಯ ಬಾಗಿಲಿಗೆ ಬಂದು ಕೈಕೊಟ್ಟಿತು. ನನ್ನ ಮಗಳು ಪೂರ್ಣಿಮಾ ಹತ್ತನೆಯ ತರಗತಿ ಮುಗಿಸಿದಾಗ ನನಗೆ ಮೊಟ್ಟಮೊದಲ ಬಾರಿ ಗೊತ್ತಾದದ್ದು, ನಮ್ಮ ಮನೆಯಿಂದ ಕಾಲೇಜಿಗೆ ನಡೆದುಕೊಂಡು ಹೋದರೆ ಏಳು ನಿಮಿಷ. ಬಸ್ಸೇ ಇಲ್ಲದ ಮಗುವಿಗೆ ಯಾವ ವಿಷಯ ಕೊಡಿಸುವುದು? ಎರಡು ದಿನ ಊಟ ರುಚಿಸಲಿಲ್ಲ. ಅವಳನ್ನೇ ಕೇಳಬಹುದಿತ್ತು, ಹೊಳೆಯಲಿಲ್ಲ. ಹಾಗೆ ನೋಡಿದರೆ ಅವಳು ಏನಾಗಬೇಕೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಅಕ್ಕ ಬನಹಟ್ಟಿಯಲ್ಲಿರುತ್ತಾಳೆ. ಅವಳ ಮನೆಯ ನಡುಮನೆಯಲ್ಲೇ ಎರಡು ಪವರ್‌ಲೂಮ್ ಮಗ್ಗ. ಬೆಳಗಿನಿಂದ ಸಂಜೆಯವರೆಗೆ ಖಟಖಟ ಸಪ್ಪಳ, ಗೋಡೆ ಅದುರುತ್ತದೆ, ಗೂಡಿನಲ್ಲಿಟ್ಟ ಲೋಟ ತಾನಾಗಿ ತುದಿಗೆ ಬಂದು ಬೀಳುತ್ತದೆ. ಅಕ್ಕನಿಗೆ ಕಿವಿ ಮಂದವಾಗಿದೆ. ರಜೆಗೆ ಅಲ್ಲಿ ಹೋದಾಗಲೆಲ್ಲ ಪೂರ್ಣಿಮಾ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಮನೆಯ ನಕ್ಷೆ ಬರೆಯುವಳು. ಮಗ್ಗ ಇಲ್ಲಿ, ಮಲಗುವುದು ಅಲ್ಲಿ, ನಡುವೆ ದಪ್ಪ ಗೋಡೆ, ಮೇಲೆ ಬೆಳಕಿಂಡಿ. "ಅತ್ತಿ, ನಿನಗ ಸಪ್ಪಳಿಲ್ಲದ ಮನಿ ಕಟ್ಟಿಕೊಡ್ತೇನಿ" ಎನ್ನುವಳು. ಅಕ್ಕ ಕಿವಿಗೆ ಕೈ ಹಚ್ಚಿ, "ಏನಂದಿ?" ಎನ್ನುವಳು. ಕಟ್ಟಡದ ನಕ್ಷೆ ಹಾಕುವ ಡಿಗ್ರಿಯೊಂದಿದೆ, ಆರ್ಕಿಟೆಕ್ಚರ್ ಅಂತ, ಅದಕ್ಕೇ ಹೋಗುತ್ತೇನೆಂದು ಹುಡುಗಿ ನಿಶ್ಚಯ ಮಾಡಿಕೊಂಡಿದ್ದಳು.

ನಕ್ಷೆ ಅಂದರೆ ಚಿತ್ರ. ಚಿತ್ರಕ್ಕೂ ಗಣಿತಕ್ಕೂ ಎಲ್ಲಿಯ ಸಂಬಂಧ? ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರಿಗೆ ಹಾಜರಿ ಕೂಡಿಸಲು ಬರುತ್ತಿರಲಿಲ್ಲ, ಆದರೆ ನವಿಲು ಬರೆದರೆ ಹಾರಿಹೋಗುವಂತಿತ್ತು. ಇದು ನನ್ನ ತರ್ಕ. ಜೊತೆಗೆ ಅವಳ ಜೀವದ ಗೆಳತಿ ತಸ್ಲೀಮಾ ಸಾವಳಗಿಯಿಂದ ಬರುವವಳು. ಸ್ವಂತ ಬಸ್ಸಿಲ್ಲದಿದ್ದರೆ ಗೆಳತಿಯ ಬಸ್ಸಾದರೂ ಇದೆಯಲ್ಲ ಎಂದು ನನ್ನ ಶಾಸ್ತ್ರಕ್ಕೆ ಹೊಸ ಸೂತ್ರವೊಂದನ್ನು ಸೇರಿಸಿದೆ. ಇಬ್ಬರೂ ಒಟ್ಟಿಗೆ ಬರಲಿ, ಒಟ್ಟಿಗೆ ಬಿಡಲಿ. ಮಗಳ ಅರ್ಜಿಯನ್ನು ನನ್ನ ದುಂಡನೆಯ ಅಕ್ಷರದಲ್ಲಿ ನಾನೇ ತುಂಬಿ ಗಣಿತದ ಜಾಗದಲ್ಲಿ ಗೃಹವಿಜ್ಞಾನ ಬರೆದೆ. ಪೂರ್ಣಿಮಾ ಮೆಲ್ಲಗೆ, "ಅಪ್ಪಾ, ಗಣಿತ ಬೇಕಾಗ್ತೈತೇನೋ" ಅಂದಳು. "ಇಪ್ಪತ್ತೆರಡು ವರ್ಷ ಇದ ಕೆಲಸ ಮಾಡೇನವ್ವಾ" ಅಂದೆ. ಅವಳು ಸುಮ್ಮನಾದಳು. ಸುಮ್ಮನಾದದ್ದನ್ನು ನಾನು ಒಪ್ಪಿಗೆ ಎಂದು ತಿಳಿದೆ. ಹೆಣ್ಣುಮಕ್ಕಳ ತಂದೆಯಾದವನು ಮಾಡಬಾರದ ತಪ್ಪು ಅದೊಂದೇ.

ಎರಡೂವರೆ ತಿಂಗಳು ಎಲ್ಲ ಸುಸೂತ್ರ. ಶ್ರಾವಣ ಬಂತು. ಯಾವ ವಿದ್ಯಾರ್ಥಿಗೆ ಯಾವ ವಿಷಯ ಎಂಬ ಪಟ್ಟಿಯನ್ನು ಇಲಾಖೆಗೆ ಕಳಿಸುವ ಕೊನೆಯ ದಿನದ ಹಿಂದಿನ ದಿನ, ಹೆಚ್ಚುಕಡಿಮೆ ನಾಲ್ಕೂವರೆಗೆ, ಕಿಟಕಿಯಲ್ಲಿ ಒಂದು ಹೆಣ್ಣುದನಿ ಕೇಳಿತು. "ನಮಸ್ಕಾರ್ರಿ ಸರ. ನಾ ಸಾವಿತ್ರಿ, ಸಾವಳಗಿ ಕಡಿಯಾಕಿ. ಮಾರ್ಕ್ಸ್ ಕಾರ್ಡಿನ ಇನ್ನೊಂದು ಪ್ರತಿ ಬೇಕಾಗಿತ್ತು." ನಮ್ಮಲ್ಲೇ ಓದಿದ ಹುಡುಗಿ, ಈಗ ಆಸ್ಪತ್ರೆಯೊಂದರಲ್ಲಿ ನರ್ಸು. ಒಳಗೆ ಕರೆದು ಕೂರಿಸಿದೆ, ಚಹಾ ತರಿಸಿದೆ. ನನ್ನ ಶಾಸ್ತ್ರದ ಫಲ ಕಣ್ಣೆದುರಿಗೆ ಕುಳಿತು ಚಹಾ ಕುಡಿಯುವುದನ್ನು ನೋಡಿ ನನಗೆ ಹೆಮ್ಮೆಯಾಯಿತು. "ಛಲೋ ಆತಲ್ಲವ್ವಾ, ಗಣಿತ ಬಿಟ್ಟದ್ದು" ಅಂದೆ. ಅವಳು ನಕ್ಕಳು. "ನನಗ ಕಟ್ಟಡದ ಇಂಜಿನಿಯರ್ ಆಗೋದಿತ್ರಿ ಸರ. ಸೇರಾಕ ಹೋದಾಗ ಗಣಿತ ಇಲ್ಲ ಅಂತ ಅರ್ಜಿನ ತಗೊಳ್ಳಲಿಲ್ಲ. ನರ್ಸಿಂಗ್ ಮಾಡಿದ್ನಿ, ಅದೂ ಛಲೋನ ಆತು ಬಿಡ್ರಿ. ಒಂದ ಮಾತು ಖರೆ, ನೀವು ಹೇಳಿದಂಗ ಎರಡು ವರ್ಷದಾಗ ಒಂದಿನಾನೂ ಬಸ್ ತಪ್ಪಲಿಲ್ಲ ನೋಡ್ರಿ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನು ಸಿಟ್ಟು ಮಾಡಿಕೊಂಡು ಪಾರಾಗುತ್ತಿದ್ದೆ. ಮೆಲ್ಲಗೆ ಕೇಳಿದೆ, "ಕಟ್ಟೋದಕ್ಕ ಗಣಿತ ಬೇಕು, ಖರೆ. ಬರೇ ನಕ್ಷಿ ಹಾಕೋದಕ್ಕೂ ಬೇಕೇನವ್ವಾ? ಆರ್ಕಿಟೆಕ್ಚರ್ ಅಂತಾರಲ್ಲ, ಅದಕ್ಕ?" ಸಾವಿತ್ರಿ ಕಪ್ಪು ಕೆಳಗಿಟ್ಟು, "ಅದಕ್ಕಂತೂ ಬೇಕ ಬೇಕ್ರಿ ಸರ. ನಾ ಅದನ್ನೂ ಕೇಳಿ ಬಂದಿದ್ನಿ. ಪಿಯುಸಿಯಾಗ ಗಣಿತ ಇರಲಿಲ್ಲಂದ್ರ ಬಾಗಲಾಗೂ ನಿಂದರಸೂದಿಲ್ಲ" ಅಂದಳು. ಹೋಗುವಾಗ, ಮುಂದಿನ ವರ್ಷ ತಂಗಿಯನ್ನು ಸೇರಿಸಲು ಬರುತ್ತೇನೆಂದಳು. "ಆಕಿಗಿ ಬಸ್ ತಪ್ಪಿದ್ರ ತಪ್ಪಲ್ರಿ ಸರ" ಎಂದು ಮತ್ತೆ ನಮಸ್ಕಾರ ಮಾಡಿದಳು. ಆ ಹುಡುಗಿ ನನ್ನನ್ನು ಬೈಯಲು ಎಲ್ಲ ಹಕ್ಕಿದ್ದವಳು. ಬೈಯದೆ, ಒಂದು ಕಪ್ಪು ಚಹಾದಷ್ಟು ಹೊತ್ತಿನಲ್ಲಿ ನನ್ನ ಮಗಳ ಬದುಕನ್ನು ಉಳಿಸಿಕೊಟ್ಟು ಹೋದಳು. ಅವಳಿಗೆ ಆ ವಿಷಯ ಇವತ್ತಿಗೂ ಗೊತ್ತಿಲ್ಲ.

ಪಟ್ಟಿ ಮರುದಿನ ಹೋಗಬೇಕು. ಒಮ್ಮೆ ಹೋಯಿತೆಂದರೆ ಮಗಳು ಎರಡು ವರ್ಷ ಉಪ್ಪಿಟ್ಟು ಮಾಡುವುದು ಖಾಯಂ, ಅಕ್ಕನ ಮನೆಯ ಗೋಡೆ ಅದುರುವುದೂ ಖಾಯಂ. ಇನ್ನು ವಿಷಯ ಬದಲಿಸೋಣವೆಂದರೂ ಎರಡೂವರೆ ತಿಂಗಳ ಪಾಠ ಆಗಿಹೋಗಿದೆ. ನಡುವೆ ಬಂದ ಹುಡುಗಿಯನ್ನು ಗಣಿತದ ಸರ್ ಸೇರಿಸಿಕೊಳ್ಳುತ್ತಾರೆಯೇ? ಅವರ ಕಾಲು ಹಿಡಿಯುವುದೇ ದಾರಿಯೆಂದು ಐದೂ ಹತ್ತಕ್ಕೆ ಮಹಡಿ ಹತ್ತಿದೆ. ಉಪಾಧ್ಯೆ ಸರ್ ತೇರದಾಳದವರು. ಬೆಳಿಗ್ಗೆ ಬನಹಟ್ಟಿಯ ಇನ್ನೊಂದು ಕಾಲೇಜಿನಲ್ಲಿ ಪಾಠ ಮಾಡಿ ಮಧ್ಯಾಹ್ನ ನಮ್ಮಲ್ಲಿಗೆ ಬರುತ್ತಾರೆ, ಅದಕ್ಕೇ ಅವರ ಗಣಿತ ದಿನದ ಕೊನೆಗೆ. ಜೈನರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರೂ ಇಲ್ಲ. ಅದೂ ಮಳೆಗಾಲದ ನಾಲ್ಕು ತಿಂಗಳು ಅವರಲ್ಲಿ ಬಹಳ ಕಟ್ಟುನಿಟ್ಟು. ಐದಕ್ಕೆ ಪಾಠ ಮುಗಿಸಿ ಐದೂಕಾಲಿನ ಬಸ್ಸು ಹಿಡಿದರೆ ಬೆಳಕಿರುವಾಗಲೇ ಮನೆ ಮುಟ್ಟಿ ಉಣ್ಣಬಹುದು. ನಿಲ್ದಾಣಕ್ಕೆ ಅವರು ಓಡುವ ರೀತಿಯನ್ನು ನೋಡಿಯೇ ನಾವು ಆಫೀಸಿನ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದೆವು. ಹೋಗಿಬಿಟ್ಟಿರುತ್ತಾರೆ ಎಂದುಕೊಂಡೇ ಕೋಣೆಯ ಬಾಗಿಲಿಗೆ ಬಂದೆ.

ಸರ್ ಹೋಗಿರಲಿಲ್ಲ. ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದರು. ಎದುರಿಗೆ ಮೊದಲ ಬೆಂಚಿನಲ್ಲಿ ಒಬ್ಬಳೇ ಹುಡುಗಿ ತಲೆ ಬಗ್ಗಿಸಿ ಲೆಕ್ಕ ಮಾಡುತ್ತಿದ್ದಳು. ಯಾರ ಮಗಳೋ, ಎಷ್ಟು ಶ್ರದ್ಧೆ ಎಂದು ನಾನು ಮೆಚ್ಚಿಕೊಳ್ಳುವಷ್ಟರಲ್ಲಿ ಅವಳು ತಲೆ ಎತ್ತಿದಳು. ನನ್ನ ಮಗಳು.

"ಬರ್ರಿ ಬರ್ರಿ" ಅಂದರು ಸರ್, ನಾನು ದಿನಾ ಬರುವವನೇನೋ ಎಂಬಂತೆ. "ಜೂನ್‌ದಿಂದನ ಬರಾಕತ್ತಾಳ್ರಿ ನಿಮ್ಮ ಪೂರ್ಣಿಮಾ. ಗೆಳತಿನ್ನ ಬಸ್ಸಿಗಿ ಕಳಿಸಿ ಹಿಂದಿನ ಬೆಂಚಿನ್ಯಾಗ ಬಂದು ಕುಂಡರ್ತಾಳ. ವಿಷಯ ಬದಲಿ ಮಾಡ್ರಿ ಅಂತ ಅರ್ಜಿ ಕೊಟ್ಟಾಳಲ್ಲ, ಅದು ಬರೂತನಕ ಹುಡುಗಿ ಹಿಂದ ಬೀಳಬಾರದಂತ ನಾನೂ ಕುಂಡ್ರು ಅಂದ್ನಿ. ಹೆಸರು ಹಾಜರಿಯಾಗ ಪೆನ್ಸಿಲ್‌ನಿಂದ ಬರದೇನಿ." ನನ್ನ ಕುರ್ಚಿಯಿಂದ ಆ ಬೆಂಚಿಗೆ ಇಪ್ಪತ್ತು ಮೆಟ್ಟಿಲು, ಒಂದು ಪಡಸಾಲೆ. ಸಂಜೆ ತಡವಾಗಿ ಮನೆಗೆ ಬರುವವಳು ಲೈಬ್ರರಿಯಲ್ಲಿ ಓದುತ್ತಾಳೆಂದೇ ನಾನು ತಿಳಿದಿದ್ದೆ. ಹಾಗೆಂದು ಅವಳು ಹೇಳಿರಲೂ ಇಲ್ಲ, ನಾನಾಗಿ ತಿಳಿದದ್ದು. "ಅರ್ಜಿ?" ಅಂದೆ. "ನಿಮ್ಮ ಆಫೀಸಿನ್ಯಾಗ ಐತಿ. ಎರಡು ತಿಂಗಳಾತು. ನೀವು ವಿಚಾರ ಮಾಡಾಕತ್ತೀರಿ ಅಂತ ತಿಳಕೊಂಡಿದ್ನಿ" ಅಂದರು. ನಾನು ವಿಚಾರ ಮಾಡುವ ಮನುಷ್ಯನೆಂದು ಇಡೀ ಕಾಲೇಜಿನಲ್ಲಿ ನಂಬಿದವರು ಅವರೊಬ್ಬರೇ ಇರಬೇಕು.

ಆಗ ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲೆ ಬಿತ್ತು. ಐದೂ ಇಪ್ಪತ್ತು. "ಸರ, ನಿಮ್ಮ ಬಸ್ಸು?" ಅಂದೆ.

"ಹೋತ್ರಿ."

"ಮತ್ತ ಊಟ?"

"ನಾಳೆ ಐತಲ್ರಿ. ವಾರದಾಗ ಎರಡು ದಿನ ಹಿಂಗ ಆಗ್ತೈತಿ. ಹುಡುಗುರ ಡೌಟು ಮರುದಿನಕ್ಕ ಇಟ್ರ ಹಳಸ್ತಾವು, ಊಟ ತಡದೀತು" ಅಂದರು ಸರ್, ಬೋರ್ಡು ಒರೆಸುತ್ತ. ಪೂರ್ಣಿಮಾ ಪೆನ್ನು ಕೆಳಗಿಟ್ಟು ಅವರ ಮುಖ ನೋಡಿದಳು. ಅವಳಿಗೂ ಅದು ಅಂದೇ ಗೊತ್ತಾದದ್ದು. ಬಸ್ಸು ತಪ್ಪಬಾರದೆಂದು ಊರ ಮಕ್ಕಳ ವಿಷಯ ತಪ್ಪಿಸಿದವನು ನಾನು. ನನ್ನ ಮಗಳ ವಿಷಯ ತಪ್ಪಬಾರದೆಂದು ಬಸ್ಸೂ ಊಟವೂ ತಪ್ಪಿಸಿಕೊಂಡವರು ಅವರು. ಒಂದೇ ಕಾಲೇಜು ಇಬ್ಬರಿಗೂ ಸಂಬಳ ಕೊಡುತ್ತದೆ. ನನಗೆ ನಾಚಿಕೆಯೂ ಆಯಿತು, ಕಣ್ಣಲ್ಲಿ ನೀರೂ ಬಂತು. ಸೀಮೆಸುಣ್ಣದ ಧೂಳೆಂದು ಹೇಳಿ ಕನ್ನಡಕ ಒರೆಸಿಕೊಂಡೆ.

ಕೆಳಗೆ ಓಡಿದೆ. ನನ್ನ ಮೇಜಿನ ಎಡಗಡೆ ಒಂದು ತಂತಿಯ ಟ್ರೇ ಇದೆ. ಅದಕ್ಕೆ ನಾನಿಟ್ಟ ಹೆಸರು 'ನಾಳೆ'. ತೋಡುತ್ತ ಹೋದೆ. ರಜೆಯ ಅರ್ಜಿಗಳು ಬಂದವು, ರಜೆ ಮುಗಿಸಿ ಜನ ತಿರುಗಿ ಬಂದಾಗಿತ್ತು. ಮದುವೆಯ ಆಮಂತ್ರಣಗಳು ಬಂದವು, ಅವುಗಳಲ್ಲೊಂದರ ದಂಪತಿಗೆ ಆಗಲೇ ಕೂಸು ಹುಟ್ಟಿತ್ತು. ಅಂಥ ಕಾಗದಗಳ ನಡುವೆ ಸಿಕ್ಕಿತು, 'ವಿಷಯ ಬದಲಾವಣೆ ಕೋರಿ ಅರ್ಜಿ'. ಮೇಲೆ ನನ್ನದೇ ಠಸ್ಸೆ, ನನ್ನದೇ ಅಕ್ಷರದಲ್ಲಿ ಬಂದ ದಿನಾಂಕ. ಅರ್ಜಿದಾರಳ ಹೆಸರು ಪೂರ್ಣಿಮಾ, ತಂದೆಯ ಹೆಸರಿನ ಮುಂದೆ ನನ್ನ ಹೆಸರು. ನಮ್ಮ ಕಿಟಕಿ ಹೇಗಿದೆಯೆಂದರೆ, ಒಳಗಿನಿಂದ ಕಾಣುವುದು ಬರೀ ಕೈಗಳು. ಮುಖ ನೋಡಬೇಕಾದರೆ ಬಗ್ಗಬೇಕು, ಬಗ್ಗಿದರೆ ಸೊಂಟ ಹಿಡಿಯುತ್ತದೆ. ಅಂದರೆ ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ನನ್ನ ಮಗಳು ಎಲ್ಲರ ಹಾಗೆ ಸಾಲಿನಲ್ಲಿ ನಿಂತು, ಎಲ್ಲರ ಹಾಗೆ ಕೈ ಒಳಗೆ ಚಾಚಿ ಅರ್ಜಿ ಕೊಟ್ಟಿದ್ದಾಳೆ. ದಿನಾ ನನಗೆ ರೊಟ್ಟಿ ಬಡಿಸುವ ಕೈ. ನಾನು ಅದನ್ನು ಇಸಿದುಕೊಂಡು, ಠಸ್ಸೆ ಹೊಡೆದು, "ನಾಳೆ ಬಾ" ಅಂದಿದ್ದೇನೆ. 'ಪಾಲಕರ ಸಹಿ' ಎಂಬಲ್ಲಿ ನನ್ನ ಹೆಂಡತಿ ಶೋಭಾಳ ಸಹಿ ಅಚ್ಚುಕಟ್ಟಾಗಿತ್ತು. ತಂದೆಯೆಂಬ ನನ್ನ ಅಗತ್ಯ ಆ ಅರ್ಜಿಗೆ ಬಿದ್ದೇ ಇರಲಿಲ್ಲ. ಬಾಕಿ ಉಳಿದದ್ದು ಗುಮಾಸ್ತನ ಸಹಿಯೊಂದೇ.

ಅರ್ಜಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೊರಬಂದೆ. ಸರ್ ಮುಂದಿನ ಬಸ್ಸಿಗೆಂದು ಮೆಟ್ಟಿಲು ಇಳಿಯುತ್ತಿದ್ದರು. "ಸರ, ಹೊತ್ತು ಮುಳುಗಾಕ ಇನ್ನೂ ಟೈಮ್ ಐತಿ. ನಮ್ಮ ಮನಿ ಏಳು ನಿಮಿಷದ ಹಾದಿ" ಅಂದೆ. ಅವರು ಬೇಡವೆಂದರು. ನಾನು ಕೈಹಿಡಿದೆ, ಅವರು ಸಂಕೋಚ ಮಾಡಿದರು, ಪೂರ್ಣಿಮಾ ಅವರ ಚೀಲ ಎತ್ತಿಕೊಂಡು ನಮ್ಮ ಮನೆಯ ದಾರಿ ಹಿಡಿದೇಬಿಟ್ಟಳು. ಚೀಲದ ಹಿಂದೆ ಸರ್, ಸರ್ ಹಿಂದೆ ನಾನು. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಜೈನರು ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಯಾವುದನ್ನೂ ಮುಟ್ಟುವುದಿಲ್ಲ, ಮತ್ತು ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಇಲ್ಲ ಅಂದರೆ ಒಲೆಯೇ ಹಚ್ಚುವುದಿಲ್ಲ. ಬಾಗಿಲಲ್ಲಿ ಶೋಭಾಳನ್ನು ಮರೆಗೆ ಕರೆದು ಇದನ್ನೇ ಹೇಳಲು ಹೋದೆ. ಅವಳು ನನ್ನನ್ನು ದಾಟಿ ಹೋಗಿ, "ಬರ್ರಿ ಸರ, ಕೈಕಾಲು ತೊಳಕೊಳ್ರಿ. ಹೆಸರುಕಾಳಿನ ಪಲ್ಲೆ ಮಾಡ್ತೇನಿ, ಉಳ್ಳಾಗಡ್ಡಿ ಹಾಕೂದಿಲ್ಲ. ನೀರು ಸೋಸಿ ಕಾಸಿ ಕೊಡ್ತೇನಿ. ಒಂದಿನ ಸರ್‌ನ ಕರಕೊಂಡು ಬಾ ಅಂತ ಪೂರ್ಣಿಗಿ ಹೇಳೇ ಹೇಳತಿದ್ನಿ" ಅಂದಳು. ನಂತರ ನನ್ನ ಕಡೆ ತಿರುಗಿ, ತುಸು ಕೆಳದನಿಯಲ್ಲಿ, "ನಿಮಗೂ ಗೊತ್ತಾತೇನು?" ಅಂದಳು.

ಹೌದು, ಎಲ್ಲರಿಗೂ ಗೊತ್ತಿತ್ತು. ತಸ್ಲೀಮಾಳಿಗೆ ಗೊತ್ತಿತ್ತು. ಬನಹಟ್ಟಿಯ ಅಕ್ಕನಿಗೂ ಗೊತ್ತಿತ್ತು, ಅವಳಿಗೆ ಕಿವಿ ಕೇಳದೆಯೂ ಗೊತ್ತಾಗಿತ್ತು. "ನನಗ್ಯಾಕ ಹೇಳಲಿಲ್ಲ?" ಎಂದು ಶೋಭಾಳನ್ನು ಕೇಳಿದರೆ, "ಹೇಳಿದ್ರ ಮೊದಲ ಬಸ್ಸಿನ ಟೈಮ್ ಕೇಳ್ತಿದ್ರಿ" ಎಂದು ರೊಟ್ಟಿ ತಟ್ಟತೊಡಗಿದಳು. ಸರ್ ಹೊರಗಿನ ಬೆಳಕು ನೋಡುತ್ತ ಉಂಡರು, ಎರಡು ರೊಟ್ಟಿ ಹೆಚ್ಚಿಗೆ ಉಂಡರು. ಕೊನೆಯ ತುತ್ತಿಗೆ ಇನ್ನೂ ಗೋಡೆಯ ಮೇಲೆ ಬಿಸಿಲಿತ್ತು. ಅಂದಿನಿಂದ ಎರಡು ವರ್ಷ, ಬಸ್ಸು ತಪ್ಪಿದ ದಿನವೆಲ್ಲ ಅವರು ನಮ್ಮಲ್ಲೇ ಉಂಡು ಹೋದರು, ಅವರ ದೆಸೆಯಿಂದ ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಇಲ್ಲದೆಯೂ ಅಡುಗೆಯಾಗುವುದೆಂದು ನನಗೆ ತಿಳಿಯಿತು. ಅರ್ಜಿ ಮರುದಿನವೇ ಹೋಯಿತು. ಪೆನ್ಸಿಲಿನ ಹೆಸರು ಶಾಯಿಗೆ ಬಂತು. ಪೂರ್ಣಿಮಾ ಈಗ ಬೆಳಗಾವಿಯಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ದಪ್ಪ ಗೋಡೆಯೊಂದೇ ಸಾಲದು, ಮಗ್ಗದ ಕಾಲಿನ ಕೆಳಗೆ ಏನೋ ಹಾಕಬೇಕಂತೆ, ಫೋನಿನಲ್ಲಿ ಅದನ್ನೆಲ್ಲ ಅತ್ತೆಗೆ ಕೂಗಿ ಕೂಗಿ ಹೇಳುತ್ತಾಳೆ. ಸಾವಿತ್ರಿಯ ತಂಗಿ ಗಣಿತ ತೆಗೆದುಕೊಂಡಳು. ನಾನು ಉಪಾಧ್ಯೆ ಸರ್ ಅವರಂತೆ ಯಾರಿಗೂ ಏನನ್ನೂ ಕಲಿಸಿದವನಲ್ಲ, ಆದರೆ ಇಷ್ಟು ಜನ ನನ್ನ ತಪ್ಪನ್ನು ನನಗೆ ಗೊತ್ತಾಗದಂತೆ ತಿದ್ದಿಕೊಂಡು ಬಂದರಲ್ಲ, ಆ ಉಪಕಾರವನ್ನು ಯಾವ ಜನ್ಮದಲ್ಲಿ ತೀರಿಸುವುದೋ ತಿಳಿಯದು.

ಆದರೆ ಆ ಸಂಜೆಯ ಒಂದು ಮಾತು ಉಳಿದಿದೆ, ಹೇಳದಿದ್ದರೆ ನಾನು ಪೂರ್ತಿ ತಪ್ಪೊಪ್ಪಿಕೊಂಡಂತಾಗುವುದಿಲ್ಲ. ಸರ್ ಅವರನ್ನು ಬಸ್ಸಿಗೆ ಕಳಿಸಿ ಬಂದು, ಅರ್ಜಿ ತೊಡೆಯ ಮೇಲಿಟ್ಟುಕೊಂಡು ಪೂರ್ಣಿಮಾಳನ್ನು ಕೇಳಿದೆ. "ಮನ್ಯಾಗ ನನ್ನ ಕೈಯಾಗ ಕೊಡಬಾರದಾಗಿತ್ತೇನವ್ವಾ? ಸಾಲಿನ್ಯಾಗ ನಿಂತು ಕೊಡಬೇಕೇನು?"

ಅವಳು ನೆಲ ನೋಡುತ್ತ ಹೇಳಿದಳು. "ಮನ್ಯಾಗ ಕೊಟ್ಟಿದ್ರ ನೀ ಓದಿ ಬ್ಯಾಡ ಅಂತಿದ್ದಿ ಅಪ್ಪಾ. ಆಫೀಸಿನ್ಯಾಗಾದ್ರ ಯಾರ ಅರ್ಜಿನೂ ಓದಲಾರದನ ಸಹಿ ಮಾಡ್ತಿ ಅಂತ ಗೊತ್ತಿತ್ತು. ಇಟ್ಟುಬಿಡ್ತಿ ಅಂತ ಗೊತ್ತಿರಲಿಲ್ಲ."

ನನ್ನ ಸೇವೆಯ ಬಗ್ಗೆ ಇಷ್ಟು ಚೊಕ್ಕ ವರದಿಯನ್ನು ಯಾವ ಮೇಲಧಿಕಾರಿಯೂ ಬರೆದದ್ದಿಲ್ಲ. ಆಯಿತು, ಇದೊಂದನ್ನಾದರೂ ಓದಿ ಸಹಿ ಮಾಡೋಣವೆಂದು ಕನ್ನಡಕ ಹಾಕಿಕೊಂಡೆ. ವಿಷಯ ಬದಲಾವಣೆಗೆ ಕಾರಣ ಎಂಬಲ್ಲಿ ಅವಳು ಬರೆದಿದ್ದಳು: 'ಬನಹಟ್ಟಿಯ ನಮ್ಮ ಅತ್ತೆ ಮಧ್ಯಾಹ್ನ ಒಂದು ತಾಸು ಮಲಗುವಂಥ ಮನೆ ಕಟ್ಟಬೇಕು. ಅದಕ್ಕೆ ಗಣಿತ ಬೇಕು.' ಅದರ ಕೆಳಗೆ, ಗುಮಾಸ್ತನು ಸಹಿ ಮಾಡಬೇಕಾದ ಜಾಗದ ಮೇಲೆ, ಅಚ್ಚಾದ ಒಂದು ಸಾಲಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟು ಸಾವಿರ ಸಲ ಅದರ ಕೆಳಗೆ ಸಹಿ ಹಾಕಿದ್ದೇನೋ, ಓದಿದ್ದು ಅಂದೇ ಮೊದಲು. 'ಸದರಿ ವಿದ್ಯಾರ್ಥಿಯನ್ನು ನಾನು ಚೆನ್ನಾಗಿ ಬಲ್ಲೆನೆಂದು ದೃಢೀಕರಿಸುತ್ತೇನೆ.'

ಮಗಳು ಎದುರಿಗೆ ಕುಳಿತು ನೋಡುತ್ತಿದ್ದಳು. ಯಾರ್ಯಾರ ಮಕ್ಕಳನ್ನೋ ಬಲ್ಲೆನೆಂದು ಕಣ್ಣುಮುಚ್ಚಿ ಗೀಚಿದ ಕೈ ಅದು. ಆವತ್ತು ಸಹಿ ಮಾಡಲು ಬಹಳ ಹೊತ್ತು ಹಿಡಿಯಿತು.